ಅಪ್‌ಡೇಟ್: ಸ್ಕಾಲರ್‌ಶಿಪ್ ದುಡ್ಡು ಬಂತು

ಎಸ್‌ಎಸ್‌ಪಿಯಲ್ಲಿ (ಕರ್ನಾಟಕದ ಸ್ಕಾಲರ್‌ಶಿಪ್ ಪೋರ್ಟಲ್) ಮಂಜೂರಾದರೂ ಸಹಪಾಠಿಗೆ ದುಡ್ಡು ಬಂದಿಲ್ಲ, ಏನು ಮಾಡೋದು ಅಂತ ಕೇಳಿದ್ದೆ. ಬಂತು! ಇಡೀ ಕ್ಲಾಸು ಸಹಿ ಹಾಕಿದ ಮನವಿಯಿಂದ ಫೀಸು ಕಟ್ಟೋಕೆ ಇನ್ನಷ್ಟು ಸಮಯ ಸಿಕ್ಕಿತು, ಅಷ್ಟೇ. ಹೊಸ ಆದಾಯ ಪ್ರಮಾಣಪತ್ರ ಬೇಕಾಗಲಿಲ್ಲ. ಅದಕ್ಕೆ 5 ವರ್ಷ ಅವಧಿ ಇರುತ್ತೆ. ಕೆಲಸಕ್ಕೆ ಬಂದದ್ದು ‘ಎನ್‌ಪಿಸಿಐ ಮ್ಯಾಪಿಂಗ್ ನೋಡಿ’ (ಆಧಾರ್‌ಗೆ ಯಾವ ಬ್ಯಾಂಕ್ ಜೋಡಿಸಿದೆ ಅನ್ನೋ ರಾಷ್ಟ್ರೀಯ ಪಾವತಿ ನಿಗಮದ ದಾಖಲೆ) ಅಂದವರ ಮಾತು. ತುಂಬಾ ಥ್ಯಾಂಕ್ಸ್.

ಖಾತೆಗೆ ಆಧಾರ್ ಕೊಟ್ಟಿದ್ದರೆ ಸಾಕು ಅಂದುಕೊಂಡಿದ್ದೆವು. ಸಾಲದು, ಅದು ಬರೀ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ. ಡಿಬಿಟಿ ಹಣ (ಸರ್ಕಾರ ನೇರ ಖಾತೆಗೆ ಹಾಕೋದು) ಹೋಗೋದು ಆ ಎನ್‌ಪಿಸಿಐ ದಾಖಲೆಯಲ್ಲಿ (ಮ್ಯಾಪರ್) ಕೊನೆಗೆ ಸೀಡ್ ಆದ, ಅಂದರೆ ಆಧಾರ್‌ಗೆ ಜೋಡಣೆಯಾದ ಬ್ಯಾಂಕಿಗೆ. ಆಧಾರ್ ಕೊಡುವ ಯುಐಡಿಎಐ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ, ಹೈಸ್ಕೂಲಲ್ಲಿ ಮಾಡಿಸಿ ಮರೆತಿದ್ದ ಖಾತೆಯ ಬ್ಯಾಂಕ್ ಕಾಣಿಸಿತು! ಈಗಿನ ಶಾಖೆಯಲ್ಲಿ ಸೀಡಿಂಗ್ ಒಪ್ಪಿಗೆ ಫಾರಂ ಕೊಡಿ, ಹಳೇ ಬ್ಯಾಂಕಿನ ಹೆಸರನ್ನೂ ಅದರಲ್ಲೇ ಬರೆಯಿರಿ. ಸ್ಟೇಟಸ್‌ನಲ್ಲಿ ಹೊಸ ಬ್ಯಾಂಕ್ ‘ಆ್ಯಕ್ಟಿವ್’ ಅಂತ ಬರುವವರೆಗೂ ಬಿಡಬೇಡಿ.