ಹಲ್ಲುನೋವು, ಬಾವು, ಕೀವು: ದಂತವೈದ್ಯೆಯನ್ನು ಕೇಳಿ

ಶಿವಮೊಗ್ಗದಿಂದ: ನಮಸ್ತೆ ಮೇಡಂ, ಹುಳುಕು ಹಲ್ಲಿಗೆ ಲವಂಗದ ಎಣ್ಣೆ ಹಚ್ಚಬಹುದಾ?

ದಂತವೈದ್ಯೆ: ನಮಸ್ತೆ. ಹತ್ತಿಗೆ ಒಂದು ಹನಿ ಹಾಕಿ ಹಲ್ಲಿನ ಮೇಲಿಟ್ಟರೆ ಸ್ವಲ್ಪ ಹೊತ್ತು ನೋವು ತಗ್ಗುತ್ತೆ. ಒಸಡಿಗೆ ತಾಗಿದರೆ ಸುಡುತ್ತೆ. ಹುಳುಕು ಹಾಗೇ ಇರುತ್ತೆ, ಹಲ್ಲು ತೋರಿಸಿ.

ರಾಣೆಬೆನ್ನೂರಿನಿಂದ: ಮೇಡಂ, ನಮ್ಮಪ್ಪಗ 62 ವರ್ಷ, ಸಕ್ಕರಿ ಕಾಯಿಲೆ ಐತ್ರಿ. ಕೆಳಗಿನ ಕಡೀ ದವಡಿ ಹಲ್ಲು ನೋಯ್ತಿತ್ತು, ಮೆಡಿಕಲ್‌ನ್ಯಾಗ ಗುಳಿಗಿ ತಗೊಂಡ್ರು. ನಿನ್ನೆಯಿಂದ ಗದ್ದದ ಕೆಳಗ ಎರಡೂ ಕಡೆ ಬಾತೈತಿ, ಮುಟ್ಟಿದ್ರ ಗಟ್ಟಿ. ಮಾತು ಸರಿಯಾಗಿ ಬರವಲ್ದು. ಸೋಮವಾರ ಕರ್ಕೊಂಡು ಹೋದ್ರ ನಡೀತದೇನ್ರಿ?

ದಂತವೈದ್ಯೆ: ಸೋಮವಾರ ಬೇಡ, ಈಗಲೇ ಹೊರಡಿ. ನಾಲಿಗೆ ಮೇಲಕ್ಕೆ ಎದ್ದಿದೆಯಾ? ಜೊಲ್ಲು ನುಂಗೋಕೆ ಆಗ್ತಿದೆಯಾ? ಮಲಗಿದರೆ ಉಸಿರು ಕಟ್ಟುತ್ತಾ? ಕೆಳಗಿನ ಕೊನೆಯ ಎರಡು ದವಡೆ ಹಲ್ಲುಗಳ ಬೇರಿನ ತುದಿ, ಬಾಯಿಯ ತಳದ ಸ್ನಾಯು ಅಂಟಿರೋ ಜಾಗಕ್ಕಿಂತ ಕೆಳಗಿರುತ್ತೆ. ಅಲ್ಲಿನ ಸೋಂಕು ಬಾಯೊಳಗೆ ಒಡೆಯದೆ ನೇರವಾಗಿ ದವಡೆಯ ಕೆಳಗೆ ಇಳಿದು ಎರಡೂ ಕಡೆ ಹರಡುತ್ತೆ. ಬಾವು ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿದರೆ ಉಸಿರಿನ ದಾರಿಯೇ ಮುಚ್ಚುತ್ತೆ. 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಇದನ್ನು ವಿವರಿಸಿದರು, ಅದಕ್ಕೇ ಲುಡ್ವಿಗ್ ಆಂಜೈನಾ ಅಂತಾರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸೋಂಕು ಬೇಗ ಹಬ್ಬುತ್ತೆ. ಇದು ಹಲ್ಲಿನ ಕ್ಲಿನಿಕ್‌ನಲ್ಲಿ ನೋಡೋ ಕೇಸಲ್ಲ. ಅರಿವಳಿಕೆ ವೈದ್ಯರು, ಐಸಿಯು ಇರೋ ಆಸ್ಪತ್ರೆ ಬೇಕು. ಮೊದಲು ಉಸಿರಿನ ದಾರಿ ಕಾಪಾಡ್ತಾರೆ, ರಕ್ತನಾಳಕ್ಕೆ ಆಂಟಿಬಯಾಟಿಕ್ ಕೊಡ್ತಾರೆ, ಬೇಕಾದರೆ ಕೊಯ್ದು ಕೀವು ಹೊರಬಿಡ್ತಾರೆ, ಮೂಲ ಹಲ್ಲನ್ನು ತೆಗೀತಾರೆ. ಅಪ್ಪನ್ನ ಮಲಗಿಸಬೇಡಿ, ಕೂರಿಸಿಕೊಂಡು ಹೋಗಿ. ಏನೂ ತಿನ್ನಿಸಬೇಡಿ, ಕುಡಿಸಬೇಡಿ.

ತುಮಕೂರಿನಿಂದ: ಹೆದರಬೇಡಿ ಅಣ್ಣಾ. ಒಂದು ಮೆಸೇಜ್ ಬಂದಿದೆ, ಬೆಳ್ಳುಳ್ಳಿ, ಪಟಕ ಅರೆದು ಹಚ್ಚಿ ಬಿಸಿ ಶಾಖ ಕೊಟ್ಟರೆ ಕೀವು ತಾನೇ ಒಡೆಯುತ್ತಂತೆ.

ದಂತವೈದ್ಯೆ: ದಯವಿಟ್ಟು ಅದನ್ನು ಅಳಿಸಿ. ಕೆನ್ನೆಗಾಗಲಿ ಗದ್ದಕ್ಕಾಗಲಿ ಶಾಖ ಕೊಡಬಾರದು. ಬೆಳ್ಳುಳ್ಳಿ ಅರೆದು ಇಟ್ಟು ಒಸಡು ಸುಟ್ಟುಕೊಂಡು ಬಂದವರಿಗೂ ನಾನೇ ಔಷಧಿ ಕೊಡ್ತೀನಿ.

ತುಮಕೂರಿನಿಂದ: ನಮ್ಮಜ್ಜಿ ಇದನ್ನೇ ಮಾಡ್ತಿದ್ರು, ಯಾರೂ ಸಾಯಲಿಲ್ಲ.

ಹಾಸನದಿಂದ: ಇಲ್ಲೊಬ್ಬರ ಅಪ್ಪನ ಜೀವದ ಮಾತು ನಡೀತಿದೆ, ನಿಮ್ಮಜ್ಜಿ ಕಥೆ ಯಾಕ್ರೀ?

ತುಮಕೂರಿನಿಂದ: ಹಿರಿಯರ ಬಗ್ಗೆ ಮರ್ಯಾದೆಯಿಂದ ಮಾತಾಡಿ. ಡಾಕ್ಟರ್‌ಗಳಿಗೆ ಎಲ್ಲಾ ಆಪರೇಷನ್ನೇ.

ಬೆಂಗಳೂರಿನಿಂದ: ರೂಟ್ ಕೆನಾಲ್‌ಗೆ ಎಷ್ಟಾಗುತ್ತೆ ಮೇಡಂ?

ಮಂಡ್ಯದಿಂದ: ಮಗಳಿಗೆ ಮೇಲಿನ ಹಲ್ಲು ನೋವು, ಕಣ್ಣಿನ ಕೆಳಗೂ ಊದಿದೆ. ಮನೇಲಿ ಉಳಿದ ಅಮಾಕ್ಸಿಸಿಲಿನ್ ಇದೆ, ಕೊಡಲಾ?

ದಂತವೈದ್ಯೆ: ಕೊಡಬೇಡಿ. ಹಲ್ಲಿನೊಳಗಿನ ಸೋಂಕು ಗುಳಿಗೆಯಿಂದ ಹೋಗಲ್ಲ. ಇವತ್ತೇ ತೋರಿಸಿ. ಜ್ವರ, ರೆಪ್ಪೆ ತೆರೆಯದಿರುವುದು, ಎರಡೆರಡು ಕಾಣುವುದು, ಜೋರು ತಲೆನೋವು, ಇದರಲ್ಲಿ ಒಂದಿದ್ದರೂ ನೇರ ದೊಡ್ಡಾಸ್ಪತ್ರೆಗೆ. ಮುಖದ ರಕ್ತನಾಳದ ಮೂಲಕ ಸೋಂಕು ಮಿದುಳಿನ ಬುಡಕ್ಕೆ ಹೋಗಬಹುದು.

ಉಡುಪಿಯಿಂದ: ಲವಂಗದ ಎಣ್ಣೆ ನೇರ ಹಚ್ಚಬಹುದಾ ಮೇಡಂ?

ದಂತವೈದ್ಯೆ: ಮೇಲೆ ಹೇಳಿದ್ದೀನಿ, ಓದಿ.

ರಾಣೆಬೆನ್ನೂರಿನಿಂದ: ಜೊಲ್ಲು ನುಂಗಾಕ ಆಗವಲ್ದ್ರೀ. ಕಾರ್‌ ಸಿಗಲಿಲ್ಲ.

ದಂತವೈದ್ಯೆ: 108ಕ್ಕೆ ಫೋನ್ ಮಾಡಿ. ಗದ್ದದ ಕೆಳಗೆ ಬಾವು, ನುಂಗೋಕಾಗ್ತಿಲ್ಲ, ಸಕ್ಕರೆ ಕಾಯಿಲೆ ಇದೆ, ಈ ಮೂರೂ ಹೇಳಿ. ತಗೊಂಡ ಗುಳಿಗೆಗಳ ಚೀಟಿ ಜೊತೆಗಿರಲಿ. ಮಿಕ್ಕವರು ಸ್ವಲ್ಪ ಹೊತ್ತು ಸುಮ್ಮನಿರಿ, ಇವರ ಮೆಸೇಜ್ ಕಾಣಬೇಕು.

ತುಮಕೂರಿನಿಂದ: ನನಗೂ ಉತ್ತರ ಕೊಡಿ.

ರಾಣೆಬೆನ್ನೂರಿನಿಂದ: ಗಾಡಿ ಬಂತ್ರಿ. ಕೂರಿಸಿವ್ರಿ.