ಅಪ್‌ಡೇಟ್: ಸದಸ್ಯರ ಪಿಡಿಎಫ್ ಈಗ ಹೊರಗಿನವರಿಗೆ ತೆರೆಯುತ್ತಿಲ್ಲ

ನಮ್ಮ ಸಂಘದ ವರ್ಡ್‌ಪ್ರೆಸ್ (ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್) ಸೈಟಿನಲ್ಲಿ ಪುಟಕ್ಕೆ ಲಾಗಿನ್ ಇದ್ದರೂ ಒಳಗಿನ ಪಿಡಿಎಫ್ ಲಿಂಕ್ ಯಾರು ಒತ್ತಿದರೂ ತೆರೆಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಸರಿಹೋಯಿತು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಕಾರಣ ನೀವು ಹೇಳಿದ್ದೇ. ಲಾಗಿನ್ ನೋಡುವುದು ವರ್ಡ್‌ಪ್ರೆಸ್. ಆದರೆ ನಾವು ಹಾಕಿದ ಪಿಡಿಎಫ್‌ಗಳಿರುವ ಅಪ್‌ಲೋಡ್ಸ್ ಫೋಲ್ಡರಿನ ಫೈಲನ್ನು ಸರ್ವರ್ ವರ್ಡ್‌ಪ್ರೆಸ್ಸನ್ನು ಕೇಳದೇ ನೇರವಾಗಿ ಕೊಟ್ಟುಬಿಡುತ್ತದೆ. ಮೊದಲು ಸರ್ವರ್‌ಗೆ ನಿಯಮ ಹೇಳುವ ಎಚ್‌ಟಿಆಕ್ಸೆಸ್ (.htaccess) ಫೈಲಿನಲ್ಲಿ ತಡೆ ಬರೆದೆ. ಏನೂ ಆಗಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ನಮ್ಮದು ಎಂಜಿನ್‌ಎಕ್ಸ್ (nginx) ಸರ್ವರ್. ಅಪಾಚೆ ಎಂಬ ಇನ್ನೊಂದು ಬಗೆಯ ಸರ್ವರ್ ಓದುವ ಆ ಫೈಲನ್ನು ಇದು ನೋಡುವುದೇ ಇಲ್ಲ.

ಕೊನೆಗೆ ಫೈಲ್‌ಗಳನ್ನೆಲ್ಲ ಪಬ್ಲಿಕ್ ಫೋಲ್ಡರಿನಿಂದ ಹೊರಗೆ ಸರಿಸಿದೆ. ಒಂದು ಸಣ್ಣ ಪಿಎಚ್‌ಪಿ ಸ್ಕ್ರಿಪ್ಟ್ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ) ಲಾಗಿನ್ ನೋಡಿ, ಸದಸ್ಯರಾಗಿದ್ದರೆ ಮಾತ್ರ ಫೈಲ್ ಕೊಡುತ್ತದೆ. ಲಿಂಕಿನಲ್ಲಿ ಫೈಲಿನ ಹೆಸರಿಲ್ಲ, ಬರೀ ನಂಬರ್. ಹೆಸರಿದ್ದರೆ ಆ ಜಾಗದಲ್ಲಿ ಯಾರಾದರೂ ಬೇರೆ ಫೋಲ್ಡರಿನ ದಾರಿ ತುರುಕಿ ಅಲ್ಲಿನ ಫೈಲ್ ತೆಗೆಯಬಹುದು, ಅಲ್ವಾ?

ನಿನ್ನೆ ರಾತ್ರಿ ಪ್ರೈವೇಟ್ ವಿಂಡೋದಲ್ಲಿ ಲಾಗಿನ್ ಇಲ್ಲದೆ ಹಳೇ ಲಿಂಕ್ ಹಾಕಿದೆ, 404 (ಫೈಲ್ ಸಿಗಲಿಲ್ಲ) ಬಂತು. ಹೊಸದು ಹಾಕಿದೆ, 403 (ಅನುಮತಿ ಇಲ್ಲ). ಎಷ್ಟು ನೆಮ್ಮದಿಯಾಯಿತು! ಆ ಪಿಡಿಎಫ್‌ನ ಸದಸ್ಯರ ಪಟ್ಟಿಯಲ್ಲಿ ಎಲ್ಲರ ಮನೆ ವಿಳಾಸ, ಫೋನ್ ನಂಬರ್ ಇದ್ದವು.

ಗೂಗಲ್‌ನಲ್ಲಿ ಎರಡು ಹಳೇ ಪಿಡಿಎಫ್ ಹೆಸರು ಇನ್ನೂ ಕಾಣುತ್ತಿವೆ. ತೆಗೆಯಿರಿ ಅಂತ ಸೈಟ್ ನಡೆಸುವವರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ಕೋರಿಕೆ ಹಾಕಿದ್ದೇನೆ.