ದೊಡ್ಡವರ ಕಾಮಿಕ್ಸ್ ಶುರು ಮಾಡ್ಬೇಕು, 5,000 ಇದೆ, ಯಾವ ಸೀರೀಸ್? ಓದಿದವರು ಅನುಭವ ಹೇಳಿ

ರಾಜಾಜಿನಗರ_34
ಎಲ್ರಿಗೂ ನಮಸ್ಕಾರ. ಚಿಕ್ಕೋನಿದ್ದಾಗ ಅಮರ ಚಿತ್ರ ಕಥೆ, ಟಿನ್‌ಟಿನ್ ಓದಿದ್ದು ಬಿಟ್ರೆ ಮಧ್ಯೆ ಇಪ್ಪತ್ತು ವರ್ಷ ಏನೂ ಇಲ್ಲ. ಈಗ ಮತ್ತೆ ಆಸೆ ಬಂದಿದೆ, ಆದ್ರೆ ದೊಡ್ಡವರಿಗೆ ಅಂತ ಬರೆದಿರೋದು ಬೇಕು. ಸೂಪರ್‌ಹೀರೋ ಬೇಡ, ಕಥೆ ಮುಗಿದಿರ್ಬೇಕು, ಬಜೆಟ್ 5,000. ಮನೇಲಿ ಏಳು ವರ್ಷದ ಮಗಳಿದ್ದಾಳೆ, ಸಿಕ್ಕಿದ್ದೆಲ್ಲ ಓದ್ತಾಳೆ, ಅದನ್ನೂ ಯೋಚಿಸಿ ಹೇಳಿ.

ಕನಸಿನ_ದೊರೆ
ಸ್ಯಾಂಡ್‌ಮನ್, ಕನಸುಗಳ ದೊರೆಯ ಕಥೆ. ಬೇರೆ ಯೋಚ್ನೆನೇ ಬೇಡ. ನಾನು 2012ರಲ್ಲಿ ಶುರು ಮಾಡಿದ್ದು, ಒಂದೊಂದೇ ಪೇಪರ್‌ಬ್ಯಾಕ್ ತಗೊಂಡು ಹತ್ತೂ ಸೇರಿಸೋಕೆ ಆರು ವರ್ಷ ಹಿಡೀತು. ಮೊದಲನೇದು 750, ಎರಡನೇದು 799, ಡಾಲರ್ ಏರ್ತಾ ಏರ್ತಾ ಒಂಬತ್ತನೇದು ಬರೋ ಹೊತ್ತಿಗೆ 1,340. ಮಧ್ಯದಲ್ಲಿ ಎಡಿಷನ್ ಬದಲಾಗಿ ಶೆಲ್ಫ್‌ನಲ್ಲಿ ಐದು ಒಂಥರ ಐದು ಇನ್ನೊಂಥರ, ನೋಡಿದಾಗೆಲ್ಲ ಕಣ್ಣು ಚುಚ್ಚುತ್ತೆ.

ಜನ ಮೊದಲನೇ ಪುಸ್ತಕ ಅರ್ಧ ಓದಿ ಬಿಟ್ಬಿಡ್ತಾರೆ, ನಾನೂ ಎಂಟು ತಿಂಗಳು ಬಿಟ್ಟಿದ್ದೆ. ಮೊದಲ ಏಳು ಸಂಚಿಕೆ ಹಾರರ್ ದಾರಿ, ಆರನೇದು ಒಂದು ಹೋಟೆಲ್ ಒಳಗೆ 24 ಗಂಟೆಯಲ್ಲಿ ನಡೆಯೋದು, ಅದನ್ನ ಓದಿ ಅವತ್ತು ರಾತ್ರಿ ಊಟ ಸೇರ್ಲಿಲ್ಲ. ಎಂಟನೇದ್ರಲ್ಲಿ ಆ ದೊರೆಯ ಅಕ್ಕ 'ಸಾವು' ಬರ್ತಾಳೆ, ಕಪ್ಪು ಬಟ್ಟೆ ಹಾಕ್ಕೊಂಡಿರೋ ಸಾದಾ ಹುಡುಗಿ, ಸಪ್ಪೆ ಮೋರೆ ಹಾಕ್ಕೊಂಡು ಕೂತಿರೋ ತಮ್ಮನ ಮೇಲೆ ಬ್ರೆಡ್ ಎಸೆದು ಬೈತಾಳೆ. ನಮ್ಮಜ್ಜಿ ತೀರ್ಕೊಂಡು ಹದಿನೈದು ದಿನ ಆಗಿತ್ತು ಆಗ. ಬಾಲ್ಕನಿಯಲ್ಲಿ ಕೂತು ಅತ್ತೆ. ಅಲ್ಲಿಂದ ಇಲ್ಲಿವರೆಗೆ ನಾಲ್ಕು ಸಲ ಪೂರ್ತಿ ಓದಿದ್ದೀನಿ, 75 ಸಂಚಿಕೆನೂ. 19ನೇ ಸಂಚಿಕೆ 1991ರಲ್ಲಿ ವರ್ಲ್ಡ್ ಫ್ಯಾಂಟಸಿ ಅವಾರ್ಡ್ ತಗೊಂಡಿದೆ, ಸಣ್ಣ ಕಥೆ ಬರೆಯೋರ ಮಧ್ಯೆ ನಿಂತ್ಕೊಂಡು ಒಂದು ಕಾಮಿಕ್ ಗೆದ್ದಿದ್ದು.

ಒಂದು ಬುದ್ಧಿಮಾತು, ಯಾರಿಗೂ ಕೊಡ್ಬೇಡಿ. ಏಳನೇದು, 'ಬ್ರೀಫ್ ಲೈವ್ಸ್', ಆಫೀಸ್‌ನಲ್ಲಿ ಒಬ್ಬ ಓದಿ ಕೊಡ್ತೀನಿ ಅಂತ ತಗೊಂಡು ಪುಣೆಗೆ ಟ್ರಾನ್ಸ್‌ಫರ್ ಆಗಿ ಹೋದ, ಫೋನ್ ಎತ್ತಲ್ಲ. ಈಗ ಬರ್ತಿರೋದು ದಪ್ಪ ಎಡಿಷನ್, ನನ್ನ ಸೆಟ್‌ಗೆ ಹೊಂದೋ ಏಳು ಮೂರು ವರ್ಷದಿಂದ ಹುಡುಕ್ತಿದ್ದೀನಿ, ಚರ್ಚ್ ಸ್ಟ್ರೀಟ್‌ನಲ್ಲಿ ಮೆಟ್ಟಿಲು ಹತ್ತದೇ ಇರೋ ಅಂಗಡಿ ಇಲ್ಲ.

ಕುಡ್ಲ_ಓದುಗ
ಮಾರಾಯ್ರೆ, ಪುಸ್ತಕ ಯಾವುದು ಅಂತ ಆಮೇಲೆ ನೋಡುವ, ಮೊದಲು ಇಡುವುದೆಲ್ಲಿ ಹೇಳಿ. ನಾನು ವಾಕಿಂಗ್ ಡೆಡ್ ತಗೊಂಡದ್ದು, ಹೆಣಗಳು ಎದ್ದು ನಡೆಯುವ ಕಥೆ, ನಾಲ್ಕು ಕಂಪೆಂಡಿಯಂ, ಅಂದ್ರೆ ತುಂಬಾ ಸಂಚಿಕೆ ಒಟ್ಟು ಸೇರಿಸಿದ ದಪ್ಪ ಪುಸ್ತಕ, ಮೊದಲ ಮೂರರಲ್ಲಿ 48 ಸಂಚಿಕೆ, ಕಡೆಯದ್ರಲ್ಲಿ 49, ಒಟ್ಟು 193. ನಾಲ್ಕಕ್ಕೂ ಸೇರಿ 11,260 ರೂಪಾಯಿ. ಒಂದೊಂದು ಸಾವಿರ ಪುಟದ ಮೇಲೆ, ಅದೂ ಬರೀ ಗಮ್ ಬೈಂಡಿಂಗ್, ಹೊಲಿಗೆ ಇಲ್ಲ. ಮಲಗಿ ಓದಿದ್ರೆ ಎದೆ ಮೇಲೆ ಕಲ್ಲು ಇಟ್ಟ ಹಾಗೆ. ಮೊದಲನೆಯದ್ದು ಮಧ್ಯದಲ್ಲಿ ಒಡೆದು ಜೈಲಿನ ಭಾಗ ಇಡೀ ಕೈಗೆ ಬಂತು.

ಅದಾದ ಮೇಲೆ ಮಳೆಗಾಲ. ಜುಲೈಯಲ್ಲಿ ಎರಡು ವಾರ ಊರಿಗೆ ಹೋಗಿ ಬಂದೆ, ಕಬೋರ್ಡ್ ತೆಗೆದ್ರೆ ಬಿಳಿ ಬೂಷ್ಟು, ವಾಸನೆ ಬೇರೆ. ಕಪ್ಪು ಬಿಳುಪು ಚಿತ್ರ ಅಲ್ವಾ, ಕಲೆ ಎದ್ದು ಕಾಣ್ತದೆ. ಸಿಲಿಕಾ ಜೆಲ್ 40 ಪ್ಯಾಕೆಟ್ 380 ರೂಪಾಯಿ, ತಿಂಗಳಿಗೊಮ್ಮೆ ಒಣಗಿಸ್ಬೇಕು, ಆಮೇಲೆ ಕಬೋರ್ಡ್ ಒಳಗೆ ಸಣ್ಣ ಬಲ್ಬ್, ಈಗ ಡಿಹ್ಯುಮಿಡಿಫೈಯರ್ 9,800. ಪುಸ್ತಕಕ್ಕೆ ಕೊಟ್ಟದ್ದರ ಹತ್ತಿರ ಹತ್ತಿರ ಅದನ್ನು ಬದುಕಿಸ್ಲಿಕ್ಕೂ ಕೊಟ್ಟೆ. ಆದ್ರೂ ಹೇಳ್ತೇನೆ, ಓದಿ. 16 ವರ್ಷ ನಡೆಸಿ 2019ರ ಜುಲೈಯಲ್ಲಿ ಯಾರಿಗೂ ಹೇಳದೆ ಮುಗಿಸಿದ್ರು ಅದನ್ನ, ಆ ಧೈರ್ಯಕ್ಕೆ ನಮಸ್ಕಾರ ಮಾಡ್ಬೇಕು.

ಹುಬ್ಬಳ್ಳಿ_ಖಡ್ಗ
ಯಾರೂ ಜಪಾನಿನ ಬರ್ಸರ್ಕ್ ಹೆಸರ ಎತ್ತಿಲ್ಲಲ್ರೀ! ನಾ ಡಿಲಕ್ಸ್ ಎಡಿಷನ್ 14ಕ್ಕ 14 ತಗೊಂಡೀನಿ, 2019ರಾಗ ಮೊದಲನೇದು ಬಂದಾಗಿಂದ. ಆಗ 2,750, ಈಗ 4,200 ಐತಿ, ಒಟ್ಟು ಲೆಕ್ಕ ಹಾಕಿದ್ರ 46,000 ದಾಟೇತಿ. ಮನ್ಯಾಗ ಗೊತ್ತಿಲ್ಲ, 18,000 ಅಂತ ಹೇಳೀನಿ. ಖರೇ ತ್ರಾಸ ಅಂದ್ರ ಪಾರ್ಸಲ್. ಮೂರನೇದು ಮೂಲಿ ಜಜ್ಜಿ ಬಂತು, ವಾಪಸ್ ಕಳಿಸಿದೆ. ಎರಡನೇ ಸಲ ಮತ್ತ ಜಜ್ಜಿತ್ತು. ಮೂರನೇ ಸಲ ನೀರ ಹೊಕ್ಕಿತ್ತು. ನಾಲ್ಕನೇ ಸಲ ಬಂದದ್ದು ಛಲೋ ಇತ್ತು, ಖರೆ ಅಷ್ಟ್ರಾಗ ಎರಡು ತಿಂಗಳ ಹೋಗಿತ್ತು.

ಅದನ್ನ ಬರದ ಮಿಉರಾ 2021ರ ಮೇ ತಿಂಗಳಾಗ ತೀರ್ಕೊಂಡ್ರು. ನಾ ಅವತ್ತ ಕೆಲಸಕ್ಕ ಹೋಗ್ಲಿಲ್ಲ. 1989ರಿಂದ ಒಂದ ಕಥಿ ಬರದ ಮನಷ್ಯಾ, ಒಂದೊಂದು ಪುಟದಾಗ ಕುದರಿ ಕೂದಲಾ ಸುದ್ದಾ ಎಣಿಸಿ ತಗದಾರು. 364ನೇ ಅಧ್ಯಾಯ ಅವ್ರು ಹೋದಮ್ಯಾಗ ಬಂತು, ಕಡೀ ಪುಟ ನೋಡಿ ಎಷ್ಟೊತ್ತು ಕುಂತಿದ್ದೆ ನನಗ ಗೊತ್ತಿಲ್ಲ.

ಕನಸಿನ_ದೊರೆ
ಪೋಸ್ಟ್ ಹಾಕಿರೋರು ಮುಗಿದಿರೋದು ಕೇಳಿದ್ದಾರೆ. ಬರ್ಸರ್ಕ್ ಮುಗಿದಿಲ್ಲ. ಇನ್ನೊಂದು, ಅದು ಮಂಗಾ (ಜಪಾನಿ ಚಿತ್ರಕಥೆ), ಕಾಮಿಕ್ಸ್ ಅಲ್ಲ. 46,000 ಖರ್ಚು ಮಾಡಿ ಅನ್ನೋದು ಸಲಹೆನಾ?

ಹುಬ್ಬಳ್ಳಿ_ಖಡ್ಗ
ಕಾಮಿಕ್ಸ್ ಅಲ್ಲಂದ್ರ ಏನ್ ಪಂಚಾಂಗ ಏನ್ರಿ ಅದು? ಚಿತ್ರ ಐತಿ, ಮಾತೈತಿ, ಕಥಿ ಐತಿ. ಬಲದಿಂದ ಎಡಕ್ಕ ಓದೂದಕ್ಕ ನಿಮಗ ತ್ರಾಸ ಆದ್ರ ಅದು ನಿಮ್ಮ ತ್ರಾಸ. 2022ರ ಜೂನ್‌ದಿಂದ ಅವರ ಗೆಳ್ಯಾ ಮೋರಿ ಮತ್ತ ಶಿಷ್ಯರು ಕೂಡಿ ಮುಂದುವರಿಸ್ಯಾರು, ಯಾಕಂದ್ರ ಕಡೀತನಕ ಕಥಿ ಏನಂತ ಮಿಉರಾ ಆ ಗೆಳ್ಯಾನ ಮುಂದ ಹೇಳಿದ್ರು. ಅಂಥಾ ಗೆಳೆತನ ನೋಡೀರೇನು ನೀವು? ನಿಮ್ಮ ಗೆಳ್ಯಾ ಏಳನೇ ಪುಸ್ತಕ ತಗೊಂಡು ಓಡಿಹೋಗ್ಯಾನು.

ಕನಸಿನ_ದೊರೆ
ಅದನ್ನ ಎತ್ತೋ ಅವಶ್ಯಕತೆ ಇರ್ಲಿಲ್ಲ.

ಎಡಿಸನ್_ಅಮ್ಮ
ನಾನು ನ್ಯೂಜೆರ್ಸಿಯಿಂದ ಬರೀತಿದ್ದೀನಿ. ಸಾಗಾ ಓದಿ, ಅದ್ರಲ್ಲೂ ಮಕ್ಕಳಿರೋರು ಓದ್ಲೇಬೇಕು. ನಾನು ಬಾಣಂತಿ ಆಗಿದ್ದಾಗ ರಾತ್ರಿ ಎರಡು ಗಂಟೆಗೆ ಮಗೂಗೆ ಹಾಲು ಕೊಡ್ತಾ ಇನ್ನೊಂದು ಕೈಯಲ್ಲಿ ಓದಿದ್ದು. ಮೊದಲ ಸಂಚಿಕೆ ಮುಖಪುಟದಲ್ಲೇ ತಾಯಿ ಹಾಲು ಕೊಡ್ತಿದ್ದಾಳೆ, ಪಕ್ಕದಲ್ಲಿ ಕೊಂಬಿರೋ ಗಂಡ. ಎರಡು ಕಡೆಯವರೂ ಯುದ್ಧ ಮಾಡ್ತಿರೋ ಲೋಕ, ಗಂಡ ಒಂದು ಕಡೆಯವನು, ಹೆಂಡತಿ ಇನ್ನೊಂದು ಕಡೆಯವಳು, ಎರಡೂ ಕಡೆಯವರು ಇವರನ್ನ ಕೊಲ್ಲೋಕೆ ಹುಡುಕ್ತಾರೆ, ಕಥೆ ಹೇಳೋದು ಆ ಮಗು, ದೊಡ್ಡೋಳಾದ ಮೇಲೆ. ಬಾಣಂತನಕ್ಕೆ ಬಂದಿದ್ದ ನಮ್ಮಮ್ಮ ಪುಸ್ತಕ ತೆಗೆದು ನೋಡಿ ನಾಲ್ಕನೇ ಪುಟಕ್ಕೆ 'ಇದೇನೇ ಇದು' ಅಂತ ಮುಚ್ಚಿಟ್ರು. ಒಂದು ವಾರ ಆದ್ಮೇಲೆ ಅವರೇ ಕೇಳಿದ್ರು, ಆ ಹುಡುಗಿ ಮಗೂನ ಉಳಿಸ್ಕೊಂಡ್ಳಾ ಅಂತ.

ಇಲ್ಲಿ ಲೈಬ್ರರಿ ಕಾರ್ಡ್ ಇದ್ರೆ ಸಾಕು, ಒಂದು ಸೆಂಟ್ ಕೊಡದೆ ಓದಬಹುದು, ಮೊದಲ 54 ಸಂಚಿಕೆ ಹಾಗೇ ಓದಿದ್ದು. 2018ರ ಜುಲೈಯಲ್ಲಿ ಆ 54ನೇದು ಬಂತು, ಎಂಥಾ ಜಾಗದಲ್ಲಿ ನಿಲ್ಲಿಸಿದ್ರು ಅಂದ್ರೆ, ಮುಂದಿನದು ಬಂದಿದ್ದು 2022ರ ಜನವರಿಗೆ. ಮೂರೂವರೆ ವರ್ಷ! ನನ್ನ ಮಗು ಅಷ್ಟರಲ್ಲಿ ಮಾತಾಡೋಕೆ ಕಲಿತು, ಜಗಳ ಆಡೋಕೂ ಕಲಿತು. ಒಟ್ಟು 108 ಅಂತ ಬರೆದವರೇ ಹೇಳಿದ್ದಾರೆ, ನಾನು ಕಾಯ್ತೀನಿ. ತಂಗಿಗೆ ಅಂತ ಆ 54 ಸಂಚಿಕೆಯ ಕಂಪೆಂಡಿಯಂ ಬೆಂಗಳೂರಿಗೆ ತಂದೆ, 23 ಕೆಜಿ ಬ್ಯಾಗಲ್ಲಿ ಅದೊಂದಕ್ಕೋಸ್ಕರ ಎರಡು ಡಬ್ಬ ಪ್ರೋಟೀನ್ ಪೌಡರ್ ಏರ್‌ಪೋರ್ಟಲ್ಲೇ ಬಿಟ್ಟೆ.

ಟ್ಯಾಬ್ಲೆಟ್_ಸಾಕು
ಇಷ್ಟೊಂದು ದುಡ್ಡು, ಬೂಷ್ಟು, ಲಗೇಜ್ ಎಲ್ಲ ಯಾಕೆ? ಸ್ಕ್ಯಾನ್ ಎಲ್ಲಾ ಫ್ರೀ ಸಿಗುತ್ತೆ. ಹತ್ತು ಇಂಚಿನ ಟ್ಯಾಬ್ಲೆಟ್ ತಗೊಳ್ಳಿ, ನಾನು 100 ಬುಲೆಟ್ಸ್ ನೂರೂ ಸಂಚಿಕೆ ಹಂಗೇ ಮುಗಿಸಿದೆ. ಸಾಗಾ 54ನೇದ್ರಲ್ಲಿ ಯಾರು ಸಾಯ್ತಾರೆ ಅಂತಾನೂ ಗೊತ್ತು, ಹೇಳ್ಲಾ?

ಎಡಿಸನ್_ಅಮ್ಮ
ದಯವಿಟ್ಟು ಬೇಡ. ಯಾರೋ ಸಾಯ್ತಾರೆ ಅಂತ ಹೇಳಿದ್ರಲ್ಲ, ಅದೇ ಜಾಸ್ತಿ ಆಯ್ತು. ಚಿತ್ರ ಬಿಡಿಸಿರೋ ಫಿಯೋನಾ ಸ್ಟೇಪಲ್ಸ್ ಬಣ್ಣ ತುಂಬೋದೂ ತಾವೇ, ಒಂದೊಂದು ಪುಟಕ್ಕೂ ಅವರ ಕೈ ಬಿದ್ದಿದೆ, ಅದನ್ನ ಕದ್ದು ಓದಿ ಇಲ್ಲಿ ಬಂದು ಹೆಮ್ಮೆಯಿಂದ ಹೇಳ್ಕೋಬೇಡಿ.

ಕುಡ್ಲ_ಓದುಗ
ನನಗೂ ಸಿಟ್ಟು ಬಂತು. ಒಂಬತ್ತು ಸಾವಿರದ ಮಷಿನ್ ಇಟ್ಟು ಪುಸ್ತಕ ಕಾಪಾಡುವವನ ಎದುರು ಫ್ರೀ ಅಂತ ಹೇಳ್ಬೇಡಿ.

ಮೈಸೂರು_ಹಳಬ
ನನಗೆ 58. ನೀವೆಲ್ಲ ದಪ್ಪ ಪುಸ್ತಕದ ಮಾತಾಡ್ತಿದ್ದೀರಿ, ನಾನು ಬಿಡಿ ಸಂಚಿಕೆ ಕಾಲದವನು. 80ರ ದಶಕದ ಕೊನೆಯಲ್ಲಿ ಮೆಜೆಸ್ಟಿಕ್ ಫುಟ್‌ಪಾತ್‌ನಲ್ಲಿ ಹಳೇ ಇಂಗ್ಲಿಷ್ ಕಾಮಿಕ್ಸ್ ರಾಶಿ ಹಾಕಿರೋರು, ಎರಡು ರೂಪಾಯಿಗೆ ಒಂದು. ಅಲ್ಲಿ ನನಗೆ ಸಿಕ್ಕಿದ್ದು ಅಲನ್ ಮೂರ್ ಬರೆದ ಸ್ವಾಂಪ್ ಥಿಂಗ್. ಸತ್ತ ಮನುಷ್ಯನ ನೆನಪು ಹೊತ್ಕೊಂಡು ತಾನು ಆ ಮನುಷ್ಯನೇ ಅಂದ್ಕೊಂಡಿರೋ ಒಂದು ಗಿಡ, ತಾನು ಮನುಷ್ಯನೇ ಅಲ್ಲ ಅಂತ ಅದಕ್ಕೆ ಗೊತ್ತಾಗೋ ಸಂಚಿಕೆ ಓದಿದ್ದು ಹುಣಸೂರು ಬಸ್ಸಲ್ಲಿ ನಿಂತ್ಕೊಂಡು.

ಅಮೆರಿಕದಲ್ಲಿ 1954ರಿಂದ ಕಾಮಿಕ್ಸ್ ಕೋಡ್ ಅಂತ ಒಂದು ಮೊಹರು, ಮಕ್ಕಳು ಓದಬಾರದ್ದು ಇದರಲ್ಲಿಲ್ಲ ಅಂತ, ಅದಿಲ್ಲದೆ ಹೆಚ್ಚಿನ ಅಂಗಡಿಯವರು ಇಡ್ತಿರ್ಲಿಲ್ಲ. ಸ್ವಾಂಪ್ ಥಿಂಗ್‌ನ 29ನೇ ಸಂಚಿಕೆ 1984ರಲ್ಲಿ ಆ ಮೊಹರು ಇಲ್ಲದೇ ಬಂತು. ಆಮೇಲೆ ದೊಡ್ಡವರಿಗೆ ಅಂತಾನೇ ಬಂದ ಸ್ಯಾಂಡ್‌ಮನ್, ಹೆಲ್‌ಬ್ಲೇಜರ್, 1993ರಲ್ಲಿ ವರ್ಟಿಗೋ ಹೆಸರಲ್ಲಿ ಬಂದ ಸಾಲು, ಇವಕ್ಕೆಲ್ಲ ದಾರಿ ಮಾಡಿದ್ದು ಈ ಗಿಡ. ನನ್ನ ಹತ್ರ 31 ಸಂಚಿಕೆ ಇದ್ವು. 1996ರಲ್ಲಿ ಮನೆ ಬದಲಾಯಿಸುವಾಗ ನಾನು ಊರಲ್ಲಿರ್ಲಿಲ್ಲ, ಮನೆಯವರು ಹಳೇ ಪೇಪರ್‌ನವನಿಗೆ ಕೆಜಿಗೆ ನಾಲ್ಕು ರೂಪಾಯಿ ಲೆಕ್ಕದಲ್ಲಿ ತೂಗಿಬಿಟ್ರು. ಆ ಅಂಗಡಿಗೆ ಹೋಗಿ ಎರಡು ದಿನ ರಾಶಿ ಕೆದಕಿದೆ. ಒಂದು ಸಿಕ್ತು, ಮುಖಪುಟ ಇಲ್ಲದ್ದು. ಈಗಲೂ ಇದೆ.

ಶಿವಮೊಗ್ಗ_ಮೇಷ್ಟ್ರು
ಎಲ್ಲರದ್ದೂ ಓದಿದೆ. ದೆವ್ವ, ಹೆಣ, ಕತ್ತಿ, ಇಷ್ಟೇನಾ ದೊಡ್ಡವರದ್ದು ಅಂದ್ರೆ? ನಾನು ಹೈಸ್ಕೂಲ್ ಮೇಷ್ಟ್ರು, ಮೌಸ್ ಓದಿದ ಮೇಲೆ ಚರಿತ್ರೆ ಪಾಠ ಮಾಡೋ ರೀತಿನೇ ಬದಲಾಯ್ತು. ಯಹೂದಿಗಳು ಇಲಿ, ನಾಜಿಗಳು ಬೆಕ್ಕು, ಮಗ ಅಪ್ಪನನ್ನ ಕೂರಿಸ್ಕೊಂಡು ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್ ಕಥೆ ಕೇಳ್ತಾನೆ. ಆದ್ರೆ ಆ ಅಪ್ಪ ಒಳ್ಳೆಯವನಲ್ಲ, ಜಿಪುಣ, ಕಿರಿಕಿರಿ, ಹೆಂಡತಿಯ ಡೈರಿ ಸುಟ್ಟವನು. ಬದುಕಿ ಬಂದವರನ್ನ ದೇವರು ಮಾಡದೇ ಬರೆದಿದ್ದಾರಲ್ಲ, ಅದು ನೋಡಿ. 1992ರಲ್ಲಿ ಪುಲಿಟ್ಜರ್ ಸಿಕ್ಕಿದ್ದು ಸುಮ್ನೆ ಅಲ್ಲ. ನಮ್ಮ ದೇಶದ್ದು ಬೇಕಂದ್ರೆ ಭೀಮಾಯಣ, 2011ರದ್ದು, ಅಂಬೇಡ್ಕರ್ ಕಥೆ, ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಗೊಂಡ ಬುಡಕಟ್ಟಿನ ಶೈಲಿಯಲ್ಲಿ ಬರೆದ ಚಿತ್ರ, ಚೌಕದ ಗೆರೆನೇ ಇಲ್ಲ. ನಾನು ಶಾಲೆ ಲೈಬ್ರರಿಗೆ ನನ್ನ ದುಡ್ಡಲ್ಲೇ ಎರಡು ಪ್ರತಿ ಕೊಡ್ಸಿದೆ, 'ಬೊಂಬೆ ಪುಸ್ತಕ ಯಾಕೆ ಮೇಷ್ಟ್ರೇ' ಅಂತ ಬೀರುವಿಗೆ ಬೀಗ ಹಾಕಿಟ್ರು. ಒಂದು ವರ್ಷ ಬೀಗದೊಳಗೇ ಇತ್ತು.

ಹುಬ್ಬಳ್ಳಿ_ಖಡ್ಗ
ಮೇಷ್ಟ್ರ, ಬರ್ಸರ್ಕ್ ಬರೇ ಕತ್ತಿ ಅಂತ ಯಾರ ಹೇಳಿದ್ರು ನಿಮಗ? ಓದೀರೇನು? ಗ್ರಹಣದ ಭಾಗ ಆದಮ್ಯಾಗ ಆ ಕಥಿ ನಾಯಕ ಹೆಂಗ ಮತ್ತ ನಾಕ ಮಂದಿ ಜೋಡಿ ಕೂತು ಉಣ್ಣೂದು ಕಲೀತಾನು, ಅದು ಕಥಿ. ನಾ ಡೈವೋರ್ಸ್ ಆದ ವರ್ಷ ಓದಿದ್ದು ಅದನ್ನ. ಪುಲಿಟ್ಜರ್ ತೋರ್ಸಿ ನನಗ ಸಣ್ಣಾಂವ ಮಾಡಬ್ಯಾಡ್ರಿ.

ಶಿವಮೊಗ್ಗ_ಮೇಷ್ಟ್ರು
ಓದಿಲ್ಲ, ಒಪ್ತೀನಿ. ಬೇಜಾರಾಗಿದ್ರೆ ಕ್ಷಮಿಸಿ. ಆದ್ರೆ ಏಳು ವರ್ಷದ ಮಗು ಇರೋ ಮನೆಗೆ ಅದನ್ನ ಹೇಳ್ಬಾರ್ದು, ಆ ಮಾತಿಂದ ಹಿಂದೆ ಸರಿಯಲ್ಲ.

ಎಡಿಸನ್_ಅಮ್ಮ
ಹಾಗಂದ್ರೆ ಸಾಗಾನೂ ಮೇಲಿನ ಶೆಲ್ಫಿಗೇ. ನನ್ನ ಮಗಳಿಗೆ 'ಇದು ಅಮ್ಮನ ಪುಸ್ತಕ, ಹದಿನೆಂಟಾದ ಮೇಲೆ ನಿನ್ನದು' ಅಂತ ಹೇಳಿದ್ದೀನಿ. ಬೀಗ ಹಾಕಿಲ್ಲ. ಮುಟ್ಟಿಲ್ಲ ಇಲ್ಲೀವರೆಗೆ.

ರಾಜಾಜಿನಗರ_34
ಎಲ್ರಿಗೂ ಥ್ಯಾಂಕ್ಸ್. ಮೌಸ್ ಒಂದೇ ಪುಸ್ತಕದಲ್ಲಿ ಪೂರ್ತಿ ಸಿಗುತ್ತೆ ಅಂತ ನೋಡಿದೆ, ಅದನ್ನ ಆರ್ಡರ್ ಮಾಡಿದ್ದೀನಿ. ಸ್ಯಾಂಡ್‌ಮನ್ ಮೊದಲನೇದು ಕೂಡ. ಎಂಟನೇ ಸಂಚಿಕೆವರೆಗೆ ಬಿಡಲ್ಲ.

ಕುಡ್ಲ_ಓದುಗ
@ಕನಸಿನ_ದೊರೆ ನಿಮ್ಮ ಏಳನೆಯದ್ದರ ಸ್ಪೈನ್ ಯಾವ ಬಣ್ಣ? ನನ್ನ ಹತ್ರ ಬ್ರೀಫ್ ಲೈವ್ಸ್ ಹಳೇ ಪ್ರತಿ ಒಂದು ಉಂಟು, ಆದ್ರೆ ಹಿಂದಿನ ಹತ್ತು ಪುಟದ ಮೂಲೆಯಲ್ಲಿ ಬೂಷ್ಟಿನ ಕಲೆ.

ಕನಸಿನ_ದೊರೆ
ಕಲೆ ಇದ್ರೂ ಪರ್ವಾಗಿಲ್ಲ. ಸ್ಪೈನ್ ಫೋಟೋ ಹಾಕಿ. ಯಾರಿಗೂ ಕೊಡ್ಬೇಡಿ, ಶನಿವಾರ ರಾತ್ರಿ ಬಸ್ಸಿಗೆ ನಾನೇ ಮಂಗಳೂರಿಗೆ ಬರ್ತೀನಿ, ಕೊರಿಯರ್ ಬೇಡ.